ಸಾರಿನಲ್ಲಿ ಬೇಳೆ ಎಷ್ಟು? ಸಸ್ಯಾಹಾರಿ ಓಟಗಾರರ ಊಟದ ಲೆಕ್ಕ

ಮಾಂಸ, ಮೊಟ್ಟೆ ತಿನ್ನದೆ ಕಠಿಣ ತರಬೇತಿ ನಡೆಸಲು ಆಗುತ್ತದೆಯೇ ಎಂಬ ಅನುಮಾನ ಮೈದಾನದಲ್ಲೂ ಮನೆಯಲ್ಲೂ ಇನ್ನೂ ಕೇಳಿಬರುತ್ತದೆ. ಆಸ್ಟ್ರೇಲಿಯಾದ ಈಜುಗಾರ ಮರ್ರೆ ರೋಸ್ ಚಿಕ್ಕಂದಿನಿಂದ ಸಸ್ಯಾಹಾರಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರು ಮೂರು ಚಿನ್ನ ಗೆದ್ದರು. ಕಾರ್ಲ್ ಲೂಯಿಸ್ 1991ರಲ್ಲಿ ಟೋಕಿಯೊದಲ್ಲಿ 100 ಮೀಟರನ್ನು 9.86 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಾಗ ಹಾಲು ಮೊಸರನ್ನೂ ಬಿಟ್ಟಿದ್ದರು. ಆಗುತ್ತದೆಯೇ ಎಂಬ ಪ್ರಶ್ನೆ ಹೀಗೆ ಎಂದೋ ತೀರ್ಮಾನವಾಗಿದೆ. ಈಗ ಬೇಕಿರುವುದು ಅಳತೆ. ಕರ್ನಾಟಕದ ಅಡುಗೆಮನೆಯಲ್ಲಿ ಕ್ರೀಡಾಪಟುವಿಗೆ ಬೇಕಾದ ಪದಾರ್ಥ ಹೆಚ್ಚುಕಡಿಮೆ ಎಲ್ಲವೂ ಇದೆ, ಆದರೆ ತಟ್ಟೆಗೆ ಬೀಳುವ ಪ್ರಮಾಣ ಸಾಲುವುದಿಲ್ಲ. ಸಸ್ಯಾಹಾರಕ್ಕೆ ಹೊರಳಿ ಎರಡು ಮೂರು ತಿಂಗಳಲ್ಲಿ ಸುಸ್ತಾಗಿ ಕೈಬಿಡುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲಿಯೇ.

ಲೆಕ್ಕ ಸ್ಪಷ್ಟವಾಗಲೆಂದು ಒಬ್ಬ ಓಟಗಾರರನ್ನು ಇಟ್ಟುಕೊಳ್ಳೋಣ: ತೂಕ 60 ಕಿಲೊ, ವಾರಕ್ಕೆ ಸುಮಾರು 60 ಕಿಲೋಮೀಟರ್ ಓಟ, ಗುರಿ 10 ಕಿ.ಮೀ. ಮತ್ತು ಹಾಫ್ ಮ್ಯಾರಥಾನ್. ಹಾಲು ಮೊಸರು ಉಂಟು, ಮೊಟ್ಟೆ ಇಲ್ಲ. ನಿಮ್ಮ ತೂಕ 50 ಅಥವಾ 75 ಆಗಿದ್ದರೆ ಅದೇ ಅನುಪಾತದಲ್ಲಿ ಇಳಿಸಿ, ಏರಿಸಿಕೊಳ್ಳಿ. ಕಬಡ್ಡಿ, ಕುಸ್ತಿ ಆಡುವವರಿಗೂ ವಿಧಾನ ಇದೇ.

ಸಾಮಾನ್ಯ ದಿನವೊಂದರಲ್ಲಿ ಸಿಗುವುದೆಷ್ಟು

ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ, ಸಾಂಬಾರು: ಪ್ರೋಟೀನ್ ಸುಮಾರು 8 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, ಬೇಳೆ ಸಾರು, ಒಂದು ಪಲ್ಯ, ಒಂದು ಲೋಟ ಮಜ್ಜಿಗೆ: 15 ಗ್ರಾಂ. ಸಂಜೆ ಕಾಫಿ, ಎರಡು ಬಿಸ್ಕತ್ತು: 4 ಗ್ರಾಂ. ರಾತ್ರಿ ಎರಡು ಚಪಾತಿ, ಪಲ್ಯ, ಸ್ವಲ್ಪ ಅನ್ನ, ಸಾರು, ಒಂದು ಬಟ್ಟಲು ಮೊಸರು: 18 ಗ್ರಾಂ. ಒಟ್ಟು 45. ಹೊಟ್ಟೆ ತುಂಬಿದೆ, ರುಚಿಯೂ ಇದೆ, ಆದರೆ ತೂಕದ ಪ್ರತಿ ಕಿಲೊಗೆ ಬಂದದ್ದು 0.75 ಗ್ರಾಂ ಮಾತ್ರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಶಿಫಾರಸಿನಲ್ಲಿ ಆರೋಗ್ಯವಂತ ವಯಸ್ಕರಿಗೆ ಹೇಳಿರುವುದು ಕಿಲೊಗೆ 0.83 ಗ್ರಾಂ. ಅದು ತರಬೇತಿ ಮಾಡದವರ ಲೆಕ್ಕ. ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಶಿಫಾರಸುಗಳು ಕ್ರೀಡಾಪಟುಗಳಿಗೆ ಕೊಡುವ ವ್ಯಾಪ್ತಿ ಕಿಲೊಗೆ 1.2ರಿಂದ 2.0 ಗ್ರಾಂ. ಓಟಗಾರರಿಗೆ ಇಷ್ಟೇಕೆ? ಪ್ರತಿ ಅಭ್ಯಾಸದಲ್ಲೂ ಸ್ನಾಯುವಿನ ಎಳೆಗಳು ಸವೆದು ಮತ್ತೆ ಕಟ್ಟಿಕೊಳ್ಳಬೇಕು. ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಕಿಣ್ವಗಳೂ ಪ್ರೋಟೀನ್‌ನಿಂದಲೇ ಆದವು, ತರಬೇತಿಯಿಂದ ಅವೂ ಹೆಚ್ಚಬೇಕು. ದೀರ್ಘ ಓಟದ ಕೊನೆಯಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜೆನ್ ತಳ ಹಿಡಿದಾಗ ದೇಹ ಪ್ರೋಟೀನ್‌ನ ಘಟಕಗಳಾದ ಅಮೈನೋ ಆಮ್ಲಗಳನ್ನೂ ಒಂದಿಷ್ಟು ಉರಿಸುತ್ತದೆ. ಕಾಳಿನ ಪ್ರೋಟೀನ್ ಹಾಲಿನದಕ್ಕಿಂತ ತುಸು ಕಡಿಮೆ ಜೀರ್ಣವಾಗುವುದರಿಂದ ಸಸ್ಯಾಹಾರಿಗಳು ವ್ಯಾಪ್ತಿಯ ಮಧ್ಯಭಾಗವನ್ನು, ಅಂದರೆ 1.6 ಗ್ರಾಂ ಗುರಿ ಇಟ್ಟುಕೊಳ್ಳುವುದು ಕ್ಷೇಮ. 60 ಕಿಲೊಗೆ ಅದು 96 ಗ್ರಾಂ. ಮೇಲಿನ ಊಟದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಕುಕ್ಕರಿಗೆ ಹಾಕುವ ಮೊದಲೇ ತೂಗಿ

"ನಾವು ದಿನಾ ಬೇಳೆ ತಿಂತೀವಲ್ಲ" ಎನ್ನುವವರು ಒಂದು ದಿನ ಅಡುಗೆಯ ತಕ್ಕಡಿಯಲ್ಲಿ ಬೇಳೆ ತೂಗಿ ನೋಡಬೇಕು. ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿನ ಸಾರಿಗೆ 60ರಿಂದ 75 ಗ್ರಾಂ ತೊಗರಿಬೇಳೆ ಹಾಕುತ್ತಾರೆ ಎಂದುಕೊಳ್ಳಿ. ಒಬ್ಬರ ಪಾಲಿಗೆ 15ರಿಂದ 18 ಗ್ರಾಂ. ತೊಗರಿಬೇಳೆಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನ್. ಹಾಗಾದರೆ ಎರಡು ಸೌಟು ಸಾರಿನಿಂದ ಸಿಕ್ಕಿದ್ದು ಮೂರೂವರೆಯಿಂದ ನಾಲ್ಕು ಗ್ರಾಂ. ಸೌಟನ್ನು ತಳಕ್ಕೆ ಇಳಿಸದೆ ಮೇಲಿನ ತಿಳಿ ಬಡಿಸಿದರೆ ಅದೂ ಇಲ್ಲ.

ಬಸ್ಸಾರಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹುರುಳಿಕಾಳನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾರೆ. ಕಾಳು, ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಪ್ರೋಟೀನ್‌ನ ಬಹುಪಾಲು ಉಳಿಯುವುದು ಕಾಳಿನಲ್ಲಿ, ಅಂದರೆ ಪಲ್ಯದಲ್ಲಿ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ತಟ್ಟೆಯ ಅಂಚಿನಲ್ಲಿ ಒಂದು ಚಮಚ ಹಾಕಿಸಿಕೊಂಡರೆ ಹುರುಳಿಯ ರುಚಿ ಸಿಗುತ್ತದೆ, ಹುರುಳಿ ಸಿಗುವುದಿಲ್ಲ. ಓಟಗಾರರ ತಟ್ಟೆಯಲ್ಲಿ ಈ ಪಲ್ಯ ಒಂದು ತುಂಬು ಬಟ್ಟಲು ಇರಬೇಕು.

ಆದ್ದರಿಂದ ಲೆಕ್ಕ ಇಡುವುದಾದರೆ ಬೇಯಿಸಿದ್ದನ್ನು ಬಿಡಿ, ಒಣ ಕಾಳಿನ ತೂಕ ಹಿಡಿಯಿರಿ. ತೊಗರಿ, ಹೆಸರು, ಕಡಲೆ, ಹುರುಳಿ, ಅಲಸಂದೆ, ಮಡಕೆ ಯಾವುದೇ ಆಗಲಿ, ನೂರು ಗ್ರಾಂಗೆ 20ರಿಂದ 24 ಗ್ರಾಂ ಪ್ರೋಟೀನ್ ಎಂದು ನೆನಪಿಟ್ಟುಕೊಂಡರೆ ಸಾಕು. ಬೆಂದಾಗ ನೀರು ಹೀರಿ ತೂಕ ಎರಡೂವರೆ ಪಟ್ಟಿನಷ್ಟಾಗುತ್ತದೆ, ಪ್ರೋಟೀನ್ ಹೆಚ್ಚುವುದಿಲ್ಲ. ಒಬ್ಬರ ಪಾಲಿನ 40 ಗ್ರಾಂ ಕಾಳನ್ನು ಒಮ್ಮೆ ತೂಗಿ, ಮನೆಯ ಯಾವುದಾದರೂ ಲೋಟಕ್ಕೆ ಹಾಕಿ, ಎಲ್ಲಿಗೆ ಬರುತ್ತದೆ ನೋಡಿಕೊಳ್ಳಿ. ನಾಳೆಯಿಂದ ತಕ್ಕಡಿ ಬೇಡ.

ಮಿಕ್ಕ ಅಂಕಿಗಳು: ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 7 ಗ್ರಾಂ, ಅಕ್ಕಿಯಲ್ಲಿ 8, ಜೋಳ ಮತ್ತು ಗೋಧಿ ಹಿಟ್ಟಿನಲ್ಲಿ 10, ಕಡಲೆಕಾಯಿ ಬೀಜದಲ್ಲಿ 23–24, ಪನೀರಿನಲ್ಲಿ 18–19, ಸೋಯಾ ಚಂಕ್ಸ್‌ನಲ್ಲಿ (ನೆನೆಸುವ ಮೊದಲು) 50ರ ಆಸುಪಾಸು. ಹಾಲು, ಗಟ್ಟಿ ಮೊಸರಿನಲ್ಲಿ 3ರಿಂದ 3.5. ಬಾದಾಮಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಾತ್ರಿ ನೆನೆಸಿ ಬೆಳಿಗ್ಗೆ ತಿನ್ನುವ ಹತ್ತು ಬಾದಾಮಿಯಿಂದ ಬರುವುದು ಎರಡೂವರೆ ಗ್ರಾಂ ಪ್ರೋಟೀನ್. ಒಳ್ಳೆಯ ತಿನಿಸೇ, ಆದರೆ ಕ್ರೀಡಾಪಟುವಿನ ಪ್ರೋಟೀನ್ ಮೂಲ ಎಂದು ಅದರ ಮೇಲೆ ಭಾರ ಹಾಕಬಾರದು. ಅಣಬೆಯೂ ಹಾಗೆಯೇ: ನೂರು ಗ್ರಾಂನಲ್ಲಿ ಸಿಗುವುದು ಮೂರು ಗ್ರಾಂನಷ್ಟು.

ಅದೇ ದಿನ, ತಿದ್ದಿದ ತಟ್ಟೆ

ಓಡಿ ಬಂದ ಮೇಲೆ ತಿಂಡಿಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ (13 ಗ್ರಾಂ), 15 ಗ್ರಾಂ ಕಡಲೆಕಾಯಿ ಬೀಜ ಬಿದ್ದ ಚಟ್ನಿ (3.5), 250 ಮಿ.ಲೀ. ಹಾಲು (8). ಸುಮಾರು 25 ಗ್ರಾಂ.

ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ (7), ಒಬ್ಬರ ಪಾಲಿಗೆ 40 ಗ್ರಾಂ ಹುರುಳಿಕಾಳು ಬರುವಂತೆ ಸಾರು, ಪಲ್ಯ ಸೇರಿ (9), ಸ್ವಲ್ಪ ಅನ್ನ (5–6), 200 ಗ್ರಾಂ ಮೊಸರು (6.5). ಸುಮಾರು 28. ಉತ್ತರ ಕರ್ನಾಟಕದ ಊಟದವರಿಗೆ ಇದು ಇನ್ನೂ ಸುಲಭ. ಮೂರು ಜೋಳದ ರೊಟ್ಟಿಯಲ್ಲೇ 15 ಗ್ರಾಂ ಬರುತ್ತದೆ. ಮಡಕೆ ಕಾಳಿನ ಪಲ್ಯ ಅಥವಾ ಝುಣಕ, ಶೇಂಗಾ ಚಟ್ನಿ, ಮೊಸರು ಸೇರಿದರೆ 30 ದಾಟುತ್ತದೆ. ದಿನದ ಯಾವುದೇ ಕನ್ನಡ ಊಟದಲ್ಲಿ ಪ್ರೋಟೀನ್ ವಿಷಯಕ್ಕೆ ಅತಿ ಸಮತೋಲದ ತಟ್ಟೆ ಇದು ಎಂಬುದು ನಮ್ಮ ಅಭಿಪ್ರಾಯ.

ಸಂಜೆ 40 ಗ್ರಾಂ ಹುರಿಗಡಲೆ (8–9), ಒಂದು ಲೋಟ ಹಾಲು (6.5). ಬಿಸ್ಕತ್ತಿನ ಜಾಗದಲ್ಲಿ ಹುರಿಗಡಲೆ ಬಂದರೆ ಖರ್ಚೂ ಹೆಚ್ಚಾಗುವುದಿಲ್ಲ. ರಾತ್ರಿ ಮೂರು ಚಪಾತಿ (9), 80 ಗ್ರಾಂ ಪನೀರ್ ಅಥವಾ 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ (15), 20 ಗ್ರಾಂ ಬೇಳೆಯ ದಪ್ಪ ತೊವ್ವೆ (4). ಒಟ್ಟು ಸುಮಾರು 96 ಆಯಿತು. ಬೇಳೆಕಾಳು ದಿನಕ್ಕೆ 160 ಗ್ರಾಂ, ಹಾಲು ಮೊಸರು ಅರ್ಧ ಲೀಟರಿಗೂ ಮೇಲೆ, ಒಂದು ಹೊತ್ತು ಪನೀರ್ ಅಥವಾ ಸೋಯಾ: ಇಷ್ಟು ಇದ್ದರೆ ಯಾವ ಅಡುಗೆ ಮಾಡಿದರೂ ಲೆಕ್ಕ ಕೂಡುತ್ತದೆ.

ಮಾಂಸ ಬಿಟ್ಟು ಬರುತ್ತಿರುವವರು ಒಂದು ವಿನಿಮಯ ತಿಳಿದಿರಬೇಕು. 150 ಗ್ರಾಂ ಕೋಳಿಮಾಂಸದಲ್ಲಿ ಸುಮಾರು 32 ಗ್ರಾಂ ಪ್ರೋಟೀನ್. ಅದರ ಬದಲಿಗೆ ಅಷ್ಟೇ ತೂಕದ ತರಕಾರಿ ಪಲ್ಯ ಬಂದರೆ ಮೂರು ನಾಲ್ಕು ಗ್ರಾಂ ಸಿಗುತ್ತದೆ, ಅಷ್ಟೆ. ಸಮನಾಗಬೇಕಾದರೆ 60 ಗ್ರಾಂಗೂ ಸ್ವಲ್ಪ ಹೆಚ್ಚು ಸೋಯಾ ಚಂಕ್ಸ್ ಬೇಕು, ಇಲ್ಲವೇ 150 ಗ್ರಾಂ ಒಣ ಕಾಳು. ಕಾಳಿನ ಜೊತೆ ಪಿಷ್ಟವೂ ನಾರೂ ಬರುತ್ತವೆ. ಹಾಗಾಗಿ ಒಂದೇ ಹೊತ್ತಿನಲ್ಲಿ ಅಷ್ಟನ್ನು ತಿನ್ನಲಾಗದು, ದಿನದುದ್ದಕ್ಕೂ ಹಂಚಬೇಕು. ಮೊಟ್ಟೆ ಮಾತ್ರ ಉಳಿಸಿಕೊಂಡವರಿಗೆ ಎರಡು ಮೊಟ್ಟೆಯಿಂದ 12 ಗ್ರಾಂ ನೇರವಾಗಿ ಸಿಗುತ್ತದೆ.

ಅನ್ನ, ಕಾಳು, ಹಾಲು ಏಕೆ ಒಟ್ಟಿಗಿರಬೇಕು

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಧಾನ್ಯಗಳಲ್ಲಿ ಲೈಸೀನ್ ಕಡಿಮೆ, ಬೇಳೆಕಾಳುಗಳಲ್ಲಿ ಮೆಥಿಯೋನೀನ್ ಕಡಿಮೆ. ಮುದ್ದೆಯೂ ಕಾಳೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ದಿನದ ಒಟ್ಟು ಊಟದಲ್ಲಿ ಇದ್ದರಾಯಿತು.

ಸ್ನಾಯು ಕಟ್ಟುವ ಕೆಲಸ ಶುರುವಾಗಲು ಸೂಚನೆ ಕೊಡುವುದು ಲ್ಯೂಸೀನ್ ಎಂಬ ಅಮೈನೋ ಆಮ್ಲ. ಪ್ರತಿ ಹೊತ್ತಿಗೆ ಎರಡರಿಂದ ಮೂರು ಗ್ರಾಂ ಲ್ಯೂಸೀನ್ ಸಿಗುವುದು ಒಳ್ಳೆಯದು. ಹಾಲಿನ ಪ್ರೋಟೀನ್‌ನಲ್ಲಿ ಅದು ಹೆಚ್ಚು, ಕಾಳುಗಳಲ್ಲಿ ಸ್ವಲ್ಪ ಕಡಿಮೆ. ಹಾಲಿನಿಂದ ತೆಗೆದ ವೇ ಪ್ರೋಟೀನ್ 20 ಗ್ರಾಂನಲ್ಲಿ ಮಾಡುವ ಕೆಲಸಕ್ಕೆ ಕಾಳಿನಿಂದಾದರೆ 25ರಿಂದ 30 ಗ್ರಾಂ ಬೇಕು. ಮೇಲಿನ ತಟ್ಟೆಯಲ್ಲಿ ಮೂರು ಮುಖ್ಯ ಹೊತ್ತಿಗೂ 25 ಗ್ರಾಂ ಬರುವಂತೆ ಹಂಚಿರುವುದಕ್ಕೆ, ತಿಂಡಿಯಲ್ಲೂ ಊಟದಲ್ಲೂ ಹಾಲು ಮೊಸರು ಇಟ್ಟಿರುವುದಕ್ಕೆ ಇದೇ ಕಾರಣ. ಬೆಳಿಗ್ಗೆ 8 ಗ್ರಾಂ, ರಾತ್ರಿ 60 ಗ್ರಾಂ ಎಂದು ತಿಂದರೆ ಒಟ್ಟು ಸರಿಯಿದ್ದರೂ ಬೆಳಗಿನ ಓಟದ ನಂತರದ ಹೊತ್ತು ವ್ಯರ್ಥವಾಗುತ್ತದೆ.

ಹಾಲನ್ನೂ ಬಿಟ್ಟವರಿಗೆ? 2021ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದರಲ್ಲಿ ಸಂಪೂರ್ಣ ಸಸ್ಯಾಹಾರಿ ಯುವಕರನ್ನೂ ಮಾಂಸಾಹಾರಿ ಯುವಕರನ್ನೂ 12 ವಾರ ಭಾರ ಎತ್ತುವ ತರಬೇತಿಗೆ ಹಚ್ಚಿದರು. ಎರಡೂ ಗುಂಪಿಗೆ ಕಿಲೊಗೆ 1.6 ಗ್ರಾಂ ಪ್ರೋಟೀನ್ ಸಿಗುವಂತೆ ಮಾಡಿದಾಗ ಸ್ನಾಯು ಬೆಳವಣಿಗೆಯಲ್ಲೂ ಬಲದಲ್ಲೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಸಸ್ಯಾಹಾರಿಗಳಿಗೆ ಕೊರತೆ ತುಂಬಲು ಸೋಯಾ ಪ್ರೋಟೀನ್ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಹಾಲು ಬೇಡವೆಂದರೆ ಸೋಯಾ, ಅದರ ಹಾಲು, ಟೋಫು ಬಹುತೇಕ ಅನಿವಾರ್ಯ.

ಹೊಟ್ಟೆ ಉಬ್ಬರ, ಮತ್ತು ಅದಕ್ಕಿಂತ ದೊಡ್ಡ ತೊಂದರೆ

ದಿನಕ್ಕೆ 40 ಗ್ರಾಂ ಕಾಳು ತಿನ್ನುತ್ತಿದ್ದವರು ಸೋಮವಾರದಿಂದ 160ಕ್ಕೆ ಏರಿಸಿದರೆ ಬುಧವಾರದ ಓಟ ಹೊಟ್ಟೆನೋವಿನಲ್ಲಿ ಮುಗಿಯುತ್ತದೆ. ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿಲ್ಲ. ಅವು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಅನಿಲವಾಗುತ್ತವೆ. ಉಪಾಯ ಮೂರು. ವಾರಕ್ಕೆ 20ರಿಂದ 30 ಗ್ರಾಂನಂತೆ ಏರಿಸಿ, ಕರುಳು ಹೊಂದಿಕೊಳ್ಳಲು ನಾಲ್ಕರಿಂದ ಆರು ವಾರ ಕೊಡಿ. ಇಡಿ ಕಾಳನ್ನು 8ರಿಂದ 12 ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಮೊದಲ ವಾರಗಳಲ್ಲಿ ರಾಜ್ಮಾ, ಕಡಲೆಕಾಳಿನ ಬದಲು ಹೆಸರುಬೇಳೆ, ತೊಗರಿಬೇಳೆ ಹೆಚ್ಚಿಸಿ. ಸಿಪ್ಪೆ ತೆಗೆದ ಬೇಳೆ ಹೊಟ್ಟೆಗೆ ಹಗುರ. ಮೊಳಕೆ ಕಾಳನ್ನು ಹಸಿಯಾಗಿ ತಿನ್ನುವ ಅಭ್ಯಾಸ ಹಾಸ್ಟೆಲ್‌ಗಳಲ್ಲಿದೆ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ, ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿಯೇ ಉಸಲಿ ಮಾಡಿ. ಬೇಸಿಗೆಯಲ್ಲಿ ಹುರುಳಿ ಉಷ್ಣ ಎನ್ನುವ ಮನೆಗಳಲ್ಲಿ ಆ ಎರಡು ತಿಂಗಳು ಹೆಸರುಕಾಳು, ಅಲಸಂದೆ ಹಾಕಿದರೆ ಲೆಕ್ಕಕ್ಕೆ ಏನೂ ಕೊರತೆಯಾಗದು.

ಇದಕ್ಕಿಂತ ದೊಡ್ಡ ತೊಂದರೆ ಸದ್ದಿಲ್ಲದೆ ಬರುತ್ತದೆ. ಕಾಳು, ಸೊಪ್ಪು, ರಾಗಿ ಎಲ್ಲದರಲ್ಲೂ ನಾರು ಹೆಚ್ಚು. ಬೇಕಾದಷ್ಟು ಕ್ಯಾಲೊರಿ ಸೇರುವ ಮೊದಲೇ ಹೊಟ್ಟೆ ತುಂಬಿಬಿಡುತ್ತದೆ. ಓಟಕ್ಕೆ ತಗಲುವ ಶಕ್ತಿ ಸುಮಾರಾಗಿ ತೂಕದ ಪ್ರತಿ ಕಿಲೊಗೆ, ಪ್ರತಿ ಕಿಲೋಮೀಟರಿಗೆ ಒಂದು ಕ್ಯಾಲೊರಿ. 60 ಕಿಲೊ ತೂಕದವರು 12 ಕಿ.ಮೀ. ಓಡಿದರೆ 720 ಕ್ಯಾಲೊರಿ. ಅಷ್ಟನ್ನು ಊಟಕ್ಕೆ ಸೇರಿಸದಿದ್ದರೆ ದೇಹ ಬೇರೆ ಖರ್ಚುಗಳನ್ನು ಕಡಿತ ಮಾಡುತ್ತದೆ: ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದನ್ನು 'ರೆಡ್-ಎಸ್' ಎಂಬ ಹೆಸರಿನಲ್ಲಿ ಗುರುತಿಸಿದೆ. ಮುಟ್ಟು ತಪ್ಪುವುದು ಅಥವಾ ಅಂತರ ಹೆಚ್ಚುವುದು, ಮತ್ತೆ ಮತ್ತೆ ನೆಗಡಿ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಒತ್ತಿದರೆ ನೋವು, ವಿಶ್ರಾಂತಿ ಪಡೆದರೂ ಇಳಿಯದ ದಣಿವು ಇದರ ಗುರುತುಗಳು. "ಓಡ್ತಾಳಲ್ಲ, ಅದಕ್ಕೆ ಮುಟ್ಟು ನಿಂತಿದೆ" ಎಂದು ಮನೆಯವರೂ ತರಬೇತುದಾರರೂ ಸಹಜವೆಂಬಂತೆ ಬಿಟ್ಟುಬಿಡುವುದು ತುಂಬಾ ಅಪಾಯಕಾರಿ. ಮೂರು ತಿಂಗಳು ಮುಟ್ಟು ಬಾರದಿದ್ದರೆ ವೈದ್ಯರ ಬಳಿ ಹೋಗಲೇಬೇಕು.

ಪರಿಹಾರ ನಮ್ಮ ಊಟದಲ್ಲೇ ಇದೆ. ಭಾರಿ ಅಭ್ಯಾಸದ ದಿನಗಳಲ್ಲಿ ನಾರು ಕಡಿಮೆಯಿರುವ ಶಕ್ತಿಮೂಲ ಸೇರಿಸಿ: ಬಿಳಿ ಅನ್ನ, ಅವಲಕ್ಕಿ, ಬಾಳೆಹಣ್ಣು, ಬೆಲ್ಲ, ಒಂದೆರಡು ಚಮಚ ತುಪ್ಪ, ಶೇಂಗಾ ಚಿಕ್ಕಿ. ದಿನಕ್ಕೆ ಒಂದು ಗಂಟೆ ಓಡುವವರಿಗೆ ಕಿಲೊಗೆ 5ರಿಂದ 7 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ನಮ್ಮ 60 ಕಿಲೊ ಓಟಗಾರರಿಗೆ 300ರಿಂದ 420 ಗ್ರಾಂ. ಅನ್ನವನ್ನು ಶತ್ರುವಿನಂತೆ ಕಾಣುವ ಈಚಿನ ರೂಢಿ ಓಟಗಾರರಿಗೆ ಸಲ್ಲದು.

ಕಬ್ಬಿಣ ಮತ್ತು ಬಿ12: ಊಹೆ ಬೇಡ, ರಕ್ತ ಪರೀಕ್ಷೆ ಮಾಡಿಸಿ

ಸಸ್ಯಗಳಲ್ಲಿರುವ ಕಬ್ಬಿಣ ಮಾಂಸದಲ್ಲಿರುವುದರಷ್ಟು ಸುಲಭವಾಗಿ ಹೀರಲ್ಪಡುವುದಿಲ್ಲ. ಕಾಳು, ಧಾನ್ಯಗಳ ಫೈಟೇಟ್, ಕಾಫಿ ಟೀಗಳ ಪಾಲಿಫಿನಾಲ್ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಓಟಗಾರರಲ್ಲಿ ನಷ್ಟವೂ ಹೆಚ್ಚು: ಬೆವರು, ಪಾದ ನೆಲಕ್ಕೆ ಬಡಿಯುವಾಗ ಒಡೆಯುವ ಕೆಂಪು ರಕ್ತಕಣ, ಮಹಿಳೆಯರಲ್ಲಿ ಮುಟ್ಟಿನ ರಕ್ತಸ್ರಾವ. ಜೊತೆಗೆ, ಕಠಿಣ ಅಭ್ಯಾಸದ ನಂತರ ಮೂರರಿಂದ ಆರು ಗಂಟೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕಬ್ಬಿಣ ಹೀರುವುದನ್ನು ತಡೆಯುತ್ತದೆ.

ಇದಕ್ಕೆ ಊಟದಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ಹುರುಳಿ, ಅಲಸಂದೆ, ದಂಟಿನ ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ, ಕುದಿಯುವಾಗ ಹಿಂಡಿದರೆ ಅರ್ಧ ಪ್ರಯೋಜನ ಹೋಯಿತು. ಊಟದ ಜೊತೆ ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಚಟ್ನಿ ಇನ್ನೂ ಒಳ್ಳೆಯದು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಗೊಜ್ಜು, ಪಲ್ಯ ಮಾಡಿದರೂ ಒಂದಿಷ್ಟು ಸೇರುತ್ತದೆ. ತಿಂಡಿಯ ಜೊತೆಗಿನ ಕಾಫಿಯನ್ನು ಮಾತ್ರ ಜಾಗ ಬದಲಿಸಬೇಕು. ಓಟಕ್ಕೆ 45 ನಿಮಿಷ ಮೊದಲು ಕುಡಿದರೆ ಕೆಫೀನ್ ಓಟಕ್ಕೆ ನೆರವಾಗುತ್ತದೆ, ತಿಂಡಿಯ ಕಬ್ಬಿಣಕ್ಕೂ ಅಡ್ಡ ಬರುವುದಿಲ್ಲ. ಊಟವಾದ ಮೇಲಾದರೆ ಒಂದು ಗಂಟೆ ಬಿಟ್ಟು ಕುಡಿಯಿರಿ.

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿದರೆ ಸಾಲದು. ಸಂಗ್ರಹ ಬರಿದಾಗುತ್ತಿರುವುದನ್ನು ಮೊದಲು ತೋರಿಸುವುದು ಫೆರಿಟಿನ್. ಹಿಮೋಗ್ಲೋಬಿನ್ 13 ಇದ್ದು ಫೆರಿಟಿನ್ 12 ಇರುವ ಓಟಗಾರ್ತಿ ವರದಿಯಲ್ಲಿ "ನಾರ್ಮಲ್", ಟ್ರ್ಯಾಕ್‌ನಲ್ಲಿ ಸುಸ್ತು. ಕ್ರೀಡಾ ವೈದ್ಯರು ಸಾಮಾನ್ಯವಾಗಿ ಫೆರಿಟಿನ್ 30–35ಕ್ಕಿಂತ ಕೆಳಗಿದ್ದರೆ ಎಚ್ಚರ ವಹಿಸುತ್ತಾರೆ. ಭಾರಿ ಓಟದ ಮರುದಿನ ಅಥವಾ ಜ್ವರ, ನೆಗಡಿಯಿದ್ದಾಗ ರಕ್ತ ಕೊಡಬೇಡಿ. ದೇಹದಲ್ಲಿ ಉರಿಯೂತವಿದ್ದರೆ ಫೆರಿಟಿನ್ ಸುಳ್ಳೇ ಏರಿ ಕಾಣುತ್ತದೆ. ಮಾತ್ರೆಯನ್ನು ಪರೀಕ್ಷೆಯಿಲ್ಲದೆ ಶುರುಮಾಡಬೇಡಿ, ದೇಹದಲ್ಲಿ ಕಬ್ಬಿಣ ಅತಿಯಾದರೂ ಕೇಡು. ವೈದ್ಯರು ಬರೆದುಕೊಟ್ಟರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ಹಾಗೆ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಹೀರುವಿಕೆ ಹೆಚ್ಚು, ಹೊಟ್ಟೆ ತೊಳಸುವುದೂ ಕಡಿಮೆ.

ಬಿ12 ವಿಷಯದಲ್ಲಿ ಯಾವ ಸೊಪ್ಪು, ಕಾಳೂ ನೆರವಿಗೆ ಬಾರದು. ಅದು ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ಹುಳಿ ಬಂದ ದೋಸೆ ಹಿಟ್ಟಿನಲ್ಲಿ, ಸ್ಪಿರುಲಿನಾದಲ್ಲಿ ಇದೆ ಎಂಬ ಮಾತು ಜನಪ್ರಿಯ. ದೋಸೆ ಹಿಟ್ಟನ್ನು ನಂಬಿಕೊಳ್ಳುವಂತಿಲ್ಲ, ಸ್ಪಿರುಲಿನಾದಲ್ಲಿರುವುದು ಬಹುಪಾಲು ದೇಹಕ್ಕೆ ಉಪಯೋಗವಾಗದ ರೂಪ. ಅರ್ಧ ಲೀಟರ್ ಹಾಲಿನಿಂದ ಸುಮಾರು 2 ಮೈಕ್ರೋಗ್ರಾಂ ಬರುತ್ತದೆ, ದಿನದ ಅಗತ್ಯವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹಾಲನ್ನು ಮತ್ತೆ ಮತ್ತೆ ಕಾಯಿಸಿದರೆ ಸ್ವಲ್ಪ ನಷ್ಟವಾಗುತ್ತದೆ. ಸೊಪ್ಪು ಕಾಳು ತಿನ್ನುವವರಲ್ಲಿ ಫೋಲೇಟ್ ಚೆನ್ನಾಗಿರುವುದರಿಂದ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರಗಳಿಗೆ ಹಾನಿ ಮುಂದುವರಿಯುವ ಅಪಾಯವಿದೆ. ಪಾದ ಜುಮ್ಮೆನ್ನುವುದನ್ನು ಶೂ ಬಿಗಿಯಾಗಿದೆ ಎಂದುಕೊಂಡು ಲೇಸ್ ಸಡಿಲಿಸುತ್ತಾ ತಿಂಗಳುಗಟ್ಟಲೆ ಕಳೆಯುವ ಓಟಗಾರರಿದ್ದಾರೆ. ಎರಡೂ ಪಾದದಲ್ಲಿ ಜುಮು ಇದ್ದು, ಶೂ ಬಿಚ್ಚಿದ ಮೇಲೂ ಉಳಿದರೆ ಬಿ12 ಪರೀಕ್ಷೆ ಮಾಡಿಸಿ. 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ, 200ರಿಂದ 300 ಸಂಶಯದ ವಲಯ. ಹಾಲೂ ಬಿಟ್ಟವರಿಗೆ ಮಾತ್ರೆ ಕಡ್ಡಾಯ.

ಕಬ್ಬಿಣ, ಬಿ12, ವಿಟಮಿನ್ ಡಿ ಮೂರನ್ನೂ ಆಹಾರ ಬದಲಿಸುವ ಮೊದಲೊಮ್ಮೆ, ಮೂರು ತಿಂಗಳ ನಂತರ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕು. ಬದಲಾವಣೆಯನ್ನು ಸ್ಪರ್ಧೆಗಳಿಲ್ಲದ ತಿಂಗಳುಗಳಲ್ಲಿ ಶುರುಮಾಡಿ. ಸ್ಪರ್ಧೆಗೆ ಆರು ವಾರವಿರುವಾಗ ಬೇಡ.

ಪುಡಿ, ಮಾತ್ರೆ, ಡಬ್ಬಿ

ಕ್ರಿಯಾಟಿನ್ ಮಾಂಸ, ಮೀನಿನಲ್ಲಿ ಇರುವ ವಸ್ತು. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ಸಂಗ್ರಹ ಕಡಿಮೆ, ಹಾಗಾಗಿ ಪೂರಕವಾಗಿ ತೆಗೆದುಕೊಂಡಾಗ ಪರಿಣಾಮವೂ ಹೆಚ್ಚು ಕಾಣುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ಸಾಕು. ಅದನ್ನು ರಾಸಾಯನಿಕವಾಗಿ ತಯಾರಿಸುವುದರಿಂದ ಸಸ್ಯಾಹಾರಕ್ಕೆ ಅಡ್ಡಿಯಿಲ್ಲ. ಸ್ಪ್ರಿಂಟ್, ಕುಸ್ತಿ, ಕಬಡ್ಡಿಯವರಿಗೆ ಇದು ನಿಜಕ್ಕೂ ಉಪಯುಕ್ತ. ಸ್ನಾಯುವಿನಲ್ಲಿ ನೀರು ಸೇರಿ ಸುಮಾರು ಒಂದು ಕಿಲೊ ತೂಕ ಏರಬಹುದಾದ್ದರಿಂದ ದೂರ ಓಟಗಾರರಿಗೆ, ತೂಕದ ವರ್ಗದ ಅಂಚಿನಲ್ಲಿರುವ ಕುಸ್ತಿಪಟುಗಳಿಗೆ ಯೋಚಿಸಬೇಕಾದ ವಿಷಯ.

ವೇ ಪುಡಿ ಹಾಲಿನಿಂದ ಆದದ್ದು. ಮೇಲಿನ ತಟ್ಟೆ ಸಾಧ್ಯವಾಗದ ಹಾಸ್ಟೆಲ್, ಪ್ರಯಾಣದ ದಿನಗಳಲ್ಲಿ ಒಂದು ಸ್ಕೂಪ್ ತಪ್ಪಲ್ಲ. ಕ್ಯಾಪ್ಸೂಲಿನ ಹೊರಕವಚ ಜೆಲಟಿನ್‌ನದಾಗಿರಬಹುದು, ವಿಟಮಿನ್ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಹಸಿರು ಚುಕ್ಕೆಯ ಜೊತೆ ಪದಾರ್ಥಗಳ ಪಟ್ಟಿಯನ್ನೂ ಓದಿ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸ್ಪರ್ಧಿಸುವವರು ಇನ್ನೂ ಹೆಚ್ಚು ಎಚ್ಚರವಿರಬೇಕು. ಪುಡಿಯಲ್ಲಿ ಬೆರೆತ ನಿಷೇಧಿತ ವಸ್ತು ಮೂತ್ರದಲ್ಲಿ ಸಿಕ್ಕರೆ, ಗೊತ್ತಿರಲಿಲ್ಲ ಎಂಬ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಜಿಮ್‌ನಲ್ಲಿ ಡಬ್ಬಿ ಒಡೆದು ಪೊಟ್ಟಣ ಕಟ್ಟಿ ಮಾರುವ ಪುಡಿ, ಪಟ್ಟಿಯೇ ಇಲ್ಲದ ಶಕ್ತಿವರ್ಧಕ ಲೇಹ್ಯ ಎರಡನ್ನೂ ಮುಟ್ಟಬೇಡಿ. ಹೊರಗಿನ ಪ್ರಯೋಗಾಲಯ ಬ್ಯಾಚ್‌ವಾರು ಪರೀಕ್ಷಿಸಿದ ಮುದ್ರೆಯಿರುವ ಸೀಲು ಡಬ್ಬಿಯನ್ನೇ ಕೊಂಡು, ಬಿಲ್ಲು ಮತ್ತು ಬ್ಯಾಚ್ ಸಂಖ್ಯೆ ಇಟ್ಟುಕೊಳ್ಳಿ.

ಸ್ಪರ್ಧೆಯ ವಾರ

ಇಲ್ಲಿಯವರೆಗೆ ಹೇಳಿದ ಕಾಳು, ಸೊಪ್ಪು, ರಾಗಿಯನ್ನು ಸ್ಪರ್ಧೆಗೆ ಎರಡು ದಿನ ಮೊದಲು ಇಳಿಸಬೇಕು. ಕರುಳಿನಲ್ಲಿ ನಾರು ಇದ್ದಷ್ಟೂ ಓಡುವಾಗ ಶೌಚದ ಒತ್ತಡ, ಅನಿಲ. ಆ ಎರಡು ದಿನ ಪೊಂಗಲ್, ಮೊಸರನ್ನ, ಇಡ್ಲಿ, ಸಿಪ್ಪೆ ಸುಲಿದ ಆಲೂಗಡ್ಡೆ, ತೆಳು ತೊವ್ವೆ. ಹಾಫ್ ಮ್ಯಾರಥಾನ್‌ನ ಹಿಂದಿನ ದಿನ ಕಿಲೊಗೆ 7–8 ಗ್ರಾಂ ಕಾರ್ಬೋಹೈಡ್ರೇಟ್ ಸೇರುವಂತೆ ನೋಡಿಕೊಳ್ಳಿ. ಬೆಳಗಿನ ಜಾವ ಐದೂವರೆಗೆ ಓಟವಿದ್ದರೆ ಮೂರೂವರೆಗೆ ಎದ್ದು ಮೂರು ಇಡ್ಲಿಗೆ ಜೇನು ಅಥವಾ ಸಕ್ಕರೆ ಹಾಕಿಕೊಂಡು, ಒಂದು ಬಾಳೆಹಣ್ಣು ತಿನ್ನಿ. ಚಟ್ನಿ ಬೇಡ, ಅದರಲ್ಲಿ ಕೊಬ್ಬು, ಖಾರ ಎರಡೂ ಇವೆ.

ಓಟದ ನಡುವೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕದಂಥ ಜೆಲ್ ಬೇಡವೆಂದರೆ 600 ಮಿ.ಲೀ. ನೀರಿಗೆ 40 ಗ್ರಾಂ ಬೆಲ್ಲ, ಎರಡು ಚಿಟಿಕೆ ಉಪ್ಪು ಕರಗಿಸಿ, ಕಸ ಹೋಗುವಂತೆ ಬಟ್ಟೆಯಲ್ಲಿ ಸೋಸಿ, ನಾಲ್ಕು ಹನಿ ನಿಂಬೆರಸ ಹಾಕಿ. ಇದರಲ್ಲಿ ಸುಮಾರು 34 ಗ್ರಾಂ ಸಕ್ಕರೆ ಸಿಗುತ್ತದೆ. ಬೆಲ್ಲ ಇನ್ನೂ ಹೆಚ್ಚಿಸಿದರೆ ದ್ರಾವಣ ಗಟ್ಟಿಯಾಗಿ ಹೊಟ್ಟೆಯಲ್ಲೇ ನಿಂತು ಕುಲುಕುತ್ತದೆ. ಜೆಲ್ ಆಗಲಿ ಬೆಲ್ಲದ ನೀರಾಗಲಿ, ಕನಿಷ್ಠ ಮೂರು ದೀರ್ಘ ಓಟಗಳಲ್ಲಿ ಬಳಸಿ ನೋಡಿರಬೇಕು.

ಮುಗಿದ ಮೇಲೆ ಆಯೋಜಕರು ಕೊಡುವ ಪೊಟ್ಟಣದಲ್ಲಿ ಸಾಮಾನ್ಯವಾಗಿ ಉಪ್ಪಿಟ್ಟು, ಕೇಸರಿಬಾತ್, ಹಣ್ಣಿನ ರಸ ಇರುತ್ತದೆ. ಕಾರ್ಬೋಹೈಡ್ರೇಟಿಗೆ ಅದು ಸಾಕು, ಪ್ರೋಟೀನ್ ಐದಾರು ಗ್ರಾಂ ಬಂದರೆ ಹೆಚ್ಚು. ಚೀಲದಲ್ಲಿ 400 ಮಿ.ಲೀ. ಹಾಲಿನ ಟೆಟ್ರಾಪ್ಯಾಕ್, 30 ಗ್ರಾಂ ಹುರಿಗಡಲೆ ಇಟ್ಟುಕೊಂಡು ಹೋಗಿ. ಎರಡೂ ಸೇರಿ 20 ಗ್ರಾಂ, ಆಯೋಜಕರ ಉಪ್ಪಿಟ್ಟೂ ಸೇರಿದರೆ 25.